ಜಿಎನ್‌ಎಂ ಮುಗಿಸಿದವರು ಮತ್ತೆ 4 ವರ್ಷ ಓದಬೇಕಾ? ಒಂದು ಸ್ಪಷ್ಟನೆ

ನರ್ಸ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಓಡಾಡ್ತಿವೆ. ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಮಾಡಿದವರು ಬಿಎಸ್ಸಿ ನರ್ಸಿಂಗ್ ಡಿಗ್ರಿ ಬೇಕಂದ್ರೆ ಮೊದಲ ವರ್ಷದಿಂದಲೇ ಶುರು ಮಾಡಬೇಕು ಅನ್ನೋದು ಒಂದು. ಮನೆಯಲ್ಲೇ ಕೂತು ಆರು ತಿಂಗಳಲ್ಲಿ ಡಿಗ್ರಿ ಸಿಗುತ್ತೆ ಅನ್ನೋದು ಇನ್ನೊಂದು. ಎರಡೂ ತಪ್ಪು.

ಜಿಎನ್‌ಎಂ ಆದವರಿಗೆಂದೇ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಇದೆ. ಕಾಲೇಜಿಗೆ ಹೋಗಿ ಓದಿದರೆ 2 ವರ್ಷ. 4 ವರ್ಷದ್ದು ಪಿಯುಸಿ ಮುಗಿಸಿ ನೇರವಾಗಿ ಬರುವವರಿಗೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಈ ಕೋರ್ಸ್ ನಡೆಯುತ್ತದೆ.

ಸೇರಲು ಜಿಎನ್‌ಎಂ ಪಾಸಾಗಿದ್ದರೆ ಸಾಲದು. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿ ಆಗಿರಬೇಕು. ಎಷ್ಟೋ ಜನ ಇದನ್ನು ಕೊನೇ ಗಳಿಗೆಯವರೆಗೆ ಬಿಟ್ಟಿರುತ್ತಾರೆ. ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸ್) ಮಾತ್ರ ಮಾಡಿದವರಿಗೆ ನೇರ ದಾರಿ ಇಲ್ಲ.

ಕೋರ್ಸ್‌ನಲ್ಲಿ ಮೈಕ್ರೋಬಯಾಲಜಿ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯದ ಜೊತೆ ಸಂಶೋಧನೆ, ಅಂಕಿಅಂಶದ ಪಾಠವೂ ಇರುತ್ತದೆ. ವಾರ್ಡ್ ಡ್ಯೂಟಿಯೂ ತಪ್ಪಿದ್ದಲ್ಲ. ಹೀಗಿರುವಾಗ ಮೊಬೈಲ್‌ನಲ್ಲಿ ಆರು ತಿಂಗಳ ಡಿಗ್ರಿ ಹೇಗೆ ಸಾಧ್ಯ, ಅಲ್ವಾ?

ಡಿಗ್ರಿ ಇಲ್ಲದಿದ್ದರೆ ಕೆಲಸವೇ ಇಲ್ಲ ಅಂತ ಸುಮ್ನೆ ಹೆದರಬೇಡಿ. ಏಮ್ಸ್‌ನ ನರ್ಸಿಂಗ್ ಆಫೀಸರ್ ಪರೀಕ್ಷೆಗೂ ಜಿಎನ್‌ಎಂ ಆದವರು ಕೂರಬಹುದು. ಆದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು. ಪಾಠ ಹೇಳುವ ಆಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ಅದಕ್ಕಾಗಿ ಎಂಎಸ್ಸಿ ನರ್ಸಿಂಗ್ ಓದಬೇಕೆಂದರೆ ಡಿಗ್ರಿ ಬೇಕೇ ಬೇಕು, ಪೋಸ್ಟ್ ಬೇಸಿಕ್ ಆದರೂ ನಡೆಯುತ್ತದೆ.