ಕಾಕಾನ ತೊಗರಿ ಮತ್ತು ನೂರಕ್ಕೆ ನೂರು ತಪ್ಪು

ಹೋದ ವಾರ ನಮ್ಮ ಕಲಬುರಗಿಯಲ್ಲೇ ಒಂದು ಕಾಲೇಜಿನಲ್ಲಿ ಎಐ ಮೇಲೆ ಎರಡು ದಿನದ ಸಮ್ಮೇಳನ ಇತ್ತು. ನಾನೂ ಒಂದು ಸಂಶೋಧನಾ ಪೇಪರ್ ಓದಿದೆ. ಸರ್ಟಿಫಿಕೇಟ್ ಹಿಡಿದುಕೊಂಡಿರುವ ಫೋಟೊ ಹಾಕಿದೆ, ಎಲ್ಲರೂ ಅಭಿನಂದನೆ ಹೇಳಿದಿರಿ. ಪೇಪರ್‌ನಲ್ಲಿ ಏನಿತ್ತು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಇರಲಿ, ನಾನೇ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಮೊದಲು ಊಟದ ವಿಷಯ ಮುಗಿಸಿಬಿಡೋಣ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅದರಲ್ಲಿ ಎರಡು ಮಾತಿಲ್ಲ.

ಹತ್ತು ಗಂಟೆಗೆ ಅಂದಿದ್ದ ಉದ್ಘಾಟನೆ ಹನ್ನೊಂದೂವರೆಗೆ ಶುರುವಾಯಿತು. ನಾಡಗೀತೆ, ದೀಪ, ಶಾಲು, ಹಾರ, ನೆನಪಿನ ಕಾಣಿಕೆ. ಆಮೇಲೆ ಮುಖ್ಯ ಭಾಷಣ. ಎಐ ಬಗ್ಗೆ ಯಾರೇ ಮಾತಾಡಿದರೂ 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಸಭೆಯಿಂದಲೇ ಶುರು ಮಾಡಬೇಕು, ಈ ಭಾಷಣಕಾರರೂ ಹಾಗೇ ಮಾಡಿದರು. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಮತ್ತು ಅವರ ಜತೆಯವರು ಹಿಂದಿನ ವರ್ಷವೇ ಒಂದು ಅರ್ಜಿ ಬರೆದಿದ್ದರು. ಹತ್ತು ಜನ ಎರಡು ತಿಂಗಳು ಒಟ್ಟಿಗೆ ಕೂತು ಕೆಲಸ ಮಾಡುತ್ತೇವೆ, ದುಡ್ಡು ಕೊಡಿ ಅಂತ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನುವ ಹೆಸರು ಬಂದಿದ್ದೇ ಆ ಅರ್ಜಿಯಿಂದ. ಹತ್ತು ಜನಕ್ಕೆ ಎರಡು ತಿಂಗಳು! ನಮಗೆ ತಲೆಗೆ ಹತ್ತು ನಿಮಿಷ. ಎಂಟನೇ ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ.

ಆಮೇಲೆ ಪೇಪರ್‌ಗಳು. 2017ರಲ್ಲಿ ಎಂಟು ಜನ ಸೇರಿ ಟ್ರಾನ್ಸ್‌ಫಾರ್ಮರ್ ಅನ್ನುವ ಎಐ ವಿನ್ಯಾಸದ ಮೇಲೆ ಬರೆದ ಪೇಪರ್ ಇದೆಯಲ್ಲ, ಈಗಿನ ಚಾಟ್‌ಜಿಪಿಟಿ ಥರದ್ದಕ್ಕೆಲ್ಲ ಬುನಾದಿ ಅದೇ. ಅದರಲ್ಲಿ ಎರಡು ಡಬ್ಬಿ ಪಕ್ಕಪಕ್ಕ ಇಟ್ಟಂಥ ಒಂದು ಚಿತ್ರ ಬರುತ್ತದೆ. ಎರಡು ದಿನದಲ್ಲಿ ಆ ಚಿತ್ರವನ್ನು ಹನ್ನೊಂದು ಸಲ ನೋಡಿದೆ, ಸುಮ್ನೆ ಕೂತು ಎಣಿಸಿದೆ. ಆ ಎಂಟು ಜನ ಅದನ್ನು ಮಾಡಿದ್ದು ಇಂಗ್ಲಿಷಿನಿಂದ ಜರ್ಮನ್‌ಗೆ, ಫ್ರೆಂಚ್‌ಗೆ ಅನುವಾದ ಮಾಡುವುದಕ್ಕೆ. ಅಂದರೆ ಭಾಷೆಯ ತೊಂದರೆ ಬಗೆಹರಿಸೋಕೆ. ನಮ್ಮಲ್ಲಿ ಭಾಷೆ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಆ ಚಿತ್ರ ಬಳಸಿದ್ದರು.

ಒಬ್ಬರು ಟೈಟಾನಿಕ್ ಹಡಗಿನಲ್ಲಿ ಯಾರು ಬದುಕಿ ಉಳಿದರು ಅಂತ ಮಷಿನ್‌ನಿಂದ ಲೆಕ್ಕ ಹಾಕಿಸಿದರು. 1912ರಲ್ಲಿ ಮುಳುಗಿದ ಹಡಗು ಅದು. ಇನ್ನೊಬ್ಬರು ಐರಿಸ್ ಹೂವಿನ ಪಕಳೆ ಅಳತೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಬಳಸಿದ ಅದೇ 150 ಹೂವು. ಇವನ್ನು ಕಲಿಯೋಕೆ ಬಳಸಬಾರದು ಅಂತ ನಾನು ಹೇಳುತ್ತಿಲ್ಲ, ನಾನೂ ಕ್ಲಾಸಿನಲ್ಲಿ ಅದನ್ನೇ ಮಾಡಿಸುತ್ತೇನೆ. ಆದರೆ ಕಲಬುರಗಿಯಲ್ಲಿ ಕೂತು, ತೊಗರಿ ಹೂ ಬಿಡುವ ಹೊತ್ತಿನಲ್ಲಿ, ನಾವ್ಯಾರೂ ಕಣ್ಣಾರೆ ನೋಡದ ಐರಿಸ್ ಹೂ ಅಳೆದಿದ್ದನ್ನೇ ಅಳೆಯುತ್ತಾ ಇರೋದಾ?

ಕಾರಣ ಗೊತ್ತಿದೆ. ಬಡ್ತಿಗೆ ಪಾಯಿಂಟ್ ಬೇಕು, ಪಾಯಿಂಟಿಗೆ ಪೇಪರ್ ಬೇಕು. ಬಿಟ್ಟಿ ಸಿಗುವ ಡೇಟಾ ಇಳಿಸಿಕೊಂಡರೆ ಎರಡು ವಾರದಲ್ಲಿ ಪೇಪರ್ ರೆಡಿ. ಬರೆಯೋಕೂ ಈಗ ಎಐ ಇದೆ. ಸಾರಾಂಶಗಳ ಪುಸ್ತಕ ತಿರುವಿ ಹಾಕಿದೆ, ಮೂರು ಪೇಪರ್ ಹೆಚ್ಚುಕಮ್ಮಿ ಒಂದೇ ವಾಕ್ಯದಿಂದ ಶುರುವಾಗಿದ್ದವು. ಆ ಮೂರರಲ್ಲಿ ಒಂದು ನನ್ನದು. ಇಂಗ್ಲಿಷ್ ಸ್ವಲ್ಪ ತಿದ್ದಿಕೊಡು ಅಂತ ಕೊಟ್ಟಿದ್ದೆ, ಅದು ತಿದ್ದಿ ತಿದ್ದಿ ಎಲ್ಲರನ್ನೂ ಒಂದೇ ಮಾಡಿಬಿಟ್ಟಿತ್ತು.

ಆ ದಿನ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದು ಯಾದಗಿರಿ ಕಡೆಯ ಒಬ್ಬಳು ಎಂಎಸ್ಸಿ ಹುಡುಗಿ. ಅವಳ ಸರದಿ ಬಂದಾಗ ಪ್ರೊಜೆಕ್ಟರ್ ಕೈಕೊಟ್ಟಿತು. ಮಾರ್ಕರ್ ತಗೊಂಡು ಬೋರ್ಡ್ ಮೇಲೆ 'ಕನ್ನಡ' ಅಂತ ಬರೆದಳು. ಕಂಪ್ಯೂಟರಿಗೆ ಇದು ಮೂರು ಅಕ್ಷರ ಅಲ್ಲ, ಐದು ಅಂದಳು. ಕ, ನ, ಒತ್ತಕ್ಷರ ಕೂಡಿಸುವ ಗುರುತು ಒಂದು, ಮತ್ತೊಂದು ನ, ಡ. ಒಂದೊಂದಕ್ಕೆ ಮೂರು ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ), ಒಟ್ಟು 15. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 7 ಬೈಟ್. ಕನ್ನಡ ಜಾಸ್ತಿ ಓದಿರದ ಎಐ ನಮ್ಮ ಪದಗಳನ್ನು ಚೂರುಚೂರು ಮಾಡಿಕೊಂಡೇ ಓದುತ್ತದೆ. ಚೂರಿನ ಲೆಕ್ಕದಲ್ಲಿ ದುಡ್ಡು ಇಸಕೊಳ್ಳುವ ಕಡೆ ಅದೇ ಮಾತಿಗೆ ಕನ್ನಡದಲ್ಲಿ ಖರ್ಚು ಜಾಸ್ತಿ ಬೀಳುತ್ತದೆ. ಇಷ್ಟನ್ನು ಬೋರ್ಡ್ ಮೇಲೆ ಕೂಡಿಸಿ ತೋರಿಸಿದಳು. ಪ್ರೊಜೆಕ್ಟರ್ ಹಾಳಾಗಿದ್ದೇ ಒಳ್ಳೆಯದಾಯಿತು ಅನಿಸಿತು.

ಈಗ ನನ್ನದು. ನಮ್ಮ ಕಾಕಾ ಸೇಡಂ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುತ್ತಾರೆ. ಈ ಸೀಮೆಯದ್ದೇ ಬೆಳೆ ಅಂತ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಆ ಕಲಬುರಗಿ ತೊಗರಿಯೇ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಿತ್ತು. ಹೊಲದ ಬದುವಿನ ಮೇಲೆ ನಿಂತು, ಮಾತು ಕೇಳಿ ಬರೆದುಕೊಳ್ಳುವ ಒಂದು ಆ್ಯಪ್ ತೆರೆದು ಅವರ ಕೈಗೆ ಕೊಟ್ಟೆ. ಅವರು ಕೇಳಿದ್ದು ಇಷ್ಟು:

'ಮಳಿ ಬರ್ಲತ್ತದ, ತೊಗರಿಗಿ ಯಾನ್ ಹೊಡಿಬೇಕು?' (ಮಳೆ ಬರುತ್ತಿದೆ, ತೊಗರಿಗೆ ಏನು ಔಷಧಿ ಹೊಡಿಬೇಕು ಅಂತ.)

ಮೊಬೈಲ್ ಬರೆದುಕೊಂಡಿದ್ದು:

'ಮಳೆ ಬರಲಿ ಅಂತ ತೊಗರಿಗೆ ಯಾರು ಹೊಡಿಬೇಕು?'

ಇಂಥ ತಪ್ಪು ಅಳೆಯೋಕೆ ಒಂದು ಸರಳ ಲೆಕ್ಕ ಇದೆ. ಬದಲಾದ ಪದ, ಬಿಟ್ಟುಹೋದ ಪದ, ಸುಮ್ಮನೆ ಬಂದು ಸೇರಿದ ಪದ, ಮೂರನ್ನೂ ಕೂಡಿಸಿ, ಆಡಿದ ಒಟ್ಟು ಪದದಿಂದ ಭಾಗಿಸಬೇಕು. ಕಾಕಾ ಆಡಿದ್ದು ಐದು ಪದ. ನಾಲ್ಕು ಬದಲಾಗಿವೆ, 'ಅಂತ' ಅನ್ನೋದು ಹೊಸದಾಗಿ ಸೇರಿದೆ. ಐದಕ್ಕೆ ಐದು, ನೂರಕ್ಕೆ ನೂರು ತಪ್ಪು. 'ಹೊಡಿಬೇಕು' ಸರಿಯಾಗಿ ಬಂದಿದ್ದರೂ ನೂರೇ. ಈ ಲೆಕ್ಕದಲ್ಲಿ ತಪ್ಪು ನೂರನ್ನು ದಾಟಲೂಬಹುದು, ವಿಚಿತ್ರ ಅಲ್ವಾ?

ಆದರೆ 'ಮಳಿ' ಹೋಗಿ 'ಮಳೆ' ಆದದ್ದು, 'ತೊಗರಿಗಿ' ಹೋಗಿ 'ತೊಗರಿಗೆ' ಆದದ್ದು ತಪ್ಪಾ? ಅರ್ಥವೇನೂ ಕೆಟ್ಟಿಲ್ಲ. ಅವೆರಡನ್ನು ಬಿಟ್ಟರೆ ಐದಕ್ಕೆ ಮೂರು, ಅರವತ್ತು. ಅದೇ ಮಾತು, ಅದೇ ಮೊಬೈಲ್. ಯಾವ ಕನ್ನಡವನ್ನು ಸರಿ ಅಂತ ಮುಂದಿಟ್ಟುಕೊಂಡು ತಾಳೆ ನೋಡುತ್ತೀರಿ ಅನ್ನೋದರ ಮೇಲೆ ಅಂಕ ನೂರೋ ಅರವತ್ತೋ ಆಗುತ್ತದೆ. ನನ್ನ ಪೇಪರ್ ಇದೇ. ಜತೆಗೆ ಒಂದು ಮಾತು: ರೈತನ ಕೆಲಸ ಕೆಡಿಸಿದ್ದು 'ಮಳೆ' ಅಲ್ಲ. 'ಯಾನ್' ಹೋಗಿ 'ಯಾರು' ಆಯಿತಲ್ಲ, ಅದು. ಒಂದೇ ಪದ, ಪ್ರಶ್ನೆಯೇ ಬೇರೆ ಆಗಿಹೋಯಿತು. ಅಂಕದಲ್ಲಿ ಎರಡಕ್ಕೂ ಒಂದೇ ಬೆಲೆ.

(ಇನ್ನೊಂದು ರೆಕಾರ್ಡಿಂಗ್‌ನಲ್ಲಿ ಕಾಕಾ 'ಎಣ್ಣಿ ಹೊಡಿಬೇಕು' ಅಂದಿದ್ದಾರೆ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣಿ ಅನ್ನುತ್ತಾರೆ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿದರೆ ಅಡುಗೆ ಎಣ್ಣೆ ಆಗುತ್ತದೆ. ಇನ್ನೊಂದು ಅರ್ಥವೂ ಇದೆ, ಅದು ಆಗಲಿಲ್ಲ, ಪುಣ್ಯ.)

ರೆಕಾರ್ಡಿಂಗ್ ಹಾಲ್‌ನಲ್ಲಿ ಕೇಳಿಸಿದೆ. ಎಲ್ಲರೂ ನಕ್ಕರು. ಕಾಕಾನ ದನಿ ಬಂದ ಕೂಡಲೇ ನಕ್ಕರು, ಮಷಿನ್ ಬರೆದಿದ್ದನ್ನು ಇನ್ನೂ ತೋರಿಸಿಯೇ ಇರಲಿಲ್ಲ. ನಕ್ಕವರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಇದೇ ಕನ್ನಡ ಆಡುವವರು.

ಗೋಷ್ಠಿಯ ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು, ಇಂಗ್ಲಿಷಿನಲ್ಲಿ. 'ಅವರಿಗೆ ಶುದ್ಧ ಕನ್ನಡದಲ್ಲಿ ಹೇಳಿಸಿ ರೆಕಾರ್ಡ್ ಮಾಡಬಹುದಿತ್ತಲ್ಲ?' ಗಂಟೆ ಹೊಡೆದಾಗಿತ್ತು. 'ನೋಡ್ತೀನಿ ಸರ್' ಅಂದು ಇಳಿದು ಬಂದೆ. ಇದೇ ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿರುವುದು. ಎಂಥ ಉತ್ತರ ಕೊಡಬಹುದಿತ್ತು!

ಭಾನುವಾರ ಕಾಕಾನ ಊರಿಗೆ ಹೋಗುವಾಗ ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ಸಿಕ್ಕಿಬಿದ್ದೆ. ಆಗ ಉತ್ತರ ಹೊಳೆಯಿತು. ಕವಿರಾಜಮಾರ್ಗವನ್ನು ನಮ್ಮ ಭಾಗದ ಎಲ್ಲ ಭಾಷಣದಲ್ಲೂ ಎಳೆದು ತರುತ್ತಾರೆ, ನನಗೂ ಅದು ಬೇಜಾರೇ. ಆದರೆ ಈ ಪ್ರಶ್ನೆಗೆ ಅದು ಬೇಕೇ ಬೇಕು. ಒಂಬತ್ತನೇ ಶತಮಾನದಲ್ಲಿ, ಕಾಗಿಣಾ ದಂಡೆಯ ಇದೇ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅವರ ಆಸ್ಥಾನದಲ್ಲಿ ಹುಟ್ಟಿದ ಪುಸ್ತಕ ಅದು. ಕನ್ನಡ ಒಂದಲ್ಲ, 'ಕನ್ನಡಂಗಳ್' ಅನ್ನುತ್ತದೆ. ದೇಸಿ ಬೇರೆ ಬೇರೆ ಇರೋದರಿಂದ ಅದರ ತಪ್ಪು ಇಷ್ಟೇ ಅಂತ ಎಣಿಸಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬರುತ್ತದೆ ಅನ್ನುತ್ತದೆ. ನಾನು ಮಾಡಿದ್ದೂ ಅದನ್ನೇ, ಐದು ಪದದ ಮಟ್ಟಿಗೆ.

ಶುದ್ಧ ಕನ್ನಡದಲ್ಲಿ ಹೇಳಿಸಿದ್ದರೆ ಮಷಿನ್ ಪಾಸಾಗುತ್ತಿತ್ತು. ಆದರೆ ಮಳೆಯಲ್ಲಿ ಬದುವಿನ ಮೇಲೆ ನಿಂತ ಮನುಷ್ಯ ಶುದ್ಧ ಕನ್ನಡದಲ್ಲಿ ಕೇಳುವುದಿಲ್ಲ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ)ಯವರು ಗೂಗಲ್ ಜತೆ ಸೇರಿ 'ವಾಣಿ' ಅನ್ನುವ ಯೋಜನೆ ನಡೆಸುತ್ತಿದ್ದಾರೆ. ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ಅವರ ಮಾತಿನಲ್ಲೇ ಹೇಳಿಸುತ್ತಾರೆ. ಓದಿಸುವುದಿಲ್ಲ, ಯಾಕೆಂದರೆ ಓದಲು ಕೊಟ್ಟರೆ ಎಲ್ಲರೂ ಪುಸ್ತಕದ ಕನ್ನಡಕ್ಕೆ ಬಂದುಬಿಡುತ್ತಾರೆ. ಅವರಿಗೆ ಅರ್ಥವಾದದ್ದು ಇಲ್ಲೇ ಹುಟ್ಟಿದ ನಮಗೆ ಆಗಬಾರದಾ?

ನಮ್ಮ ಕಾಲೇಜುಗಳಲ್ಲಿ ದೊಡ್ಡ ಸರ್ವರ್ ಇಲ್ಲ, ಇರೋ ಲ್ಯಾಬ್‌ನಲ್ಲಿ ಕರೆಂಟ್ ಹೋಗುತ್ತದೆ. ಆದರೆ ಬೀದರ್‌ನ ಔರಾದ್ ಕಡೆ ಮರಾಠಿ ಬೆರೆತ ಕನ್ನಡ, ಕಲಬುರಗಿ ಪೇಟೆಯಲ್ಲಿ ಉರ್ದು ಬೆರೆತ ಕನ್ನಡ, ಸುರಪುರದ ಕಡೆಯದು ಇನ್ನೊಂದು ಥರ. ಇವು ಕಿವಿಗೆ ಬಿದ್ದ ಕೂಡಲೇ ಯಾರು, ಎಲ್ಲಿಯವರು ಅಂತ ಗೊತ್ತಾಗುವುದು ನಮಗೆ. ಟೈಟಾನಿಕ್ ಲೆಕ್ಕ ಮಾಡುವವರು ಜಗತ್ತಿನ ತುಂಬ ಇದ್ದಾರೆ, 'ಬರ್ಲತ್ತದ' ಬರೆದುಕೊಡುವವರು ಎಷ್ಟು ಜನ ಇದ್ದಾರೆ? ಮುಂದಿನ ಸಮ್ಮೇಳನದಲ್ಲಿ ಒಂದೇ ಒಂದು ಗೋಷ್ಠಿಯನ್ನಾದರೂ ಕನ್ನಡದಲ್ಲಿ ಇಡಿ, ಪೇಪರ್ ಜತೆ ಊರಿನ ಹತ್ತು ರೆಕಾರ್ಡಿಂಗ್ ತರಬೇಕು ಅಂತ ನಿಯಮ ಮಾಡಿ ಅಂತ ಸಂಘಟಕರಿಗೆ ಬರೆದುಕೊಟ್ಟು ಬಂದಿದ್ದೇನೆ. ನಗುತ್ತಲೇ ಇಸಕೊಂಡರು.

ಕಾಕಾಗೆ ಎಲ್ಲ ಹೇಳಿದೆ. ಮೊಬೈಲ್ ಬರೆದಿದ್ದನ್ನು ಓದಿ ತೋರಿಸಿದಾಗ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, 'ಖರೆ ಹೇಳು, ಅದು ಯಾನ್ ಹೊಡಿ ಅಂತು?' ಅಂದರು. ಏನೂ ಹೇಳಲಿಲ್ಲ ಕಾಕಾ ಅಂದೆ. 'ನಾ ಆವತ್ತೇ ಸೇಡಂಗ ಹೋಗಿ ಅಂಗಡ್ಯಾಂವನ ಕೇಳಿ ತಂದು ಹೊಡದೀನಿ ತಗೋ' ಅಂದರು.

ಬೀದರ್, ಕಲಬುರಗಿ, ಯಾದಗಿರಿ, ಈ ಮೂರು ಜಿಲ್ಲೆಯವರು ಯಾರಾದರೂ ಮನೆಯ ಹಿರಿಯರ ಒಂದು ನಿಮಿಷದ ಮಾತು ರೆಕಾರ್ಡ್ ಮಾಡಿ ಕಳಿಸುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಅವರನ್ನು ಕೇಳಿಯೇ ಮಾಡಿ. ಹೆಸರು ಬೇಡ, ತಾಲ್ಲೂಕು ಸಾಕು.