ಕಾಡಿನ ಉಪ್ಪಾಗೆ, ರಾಮಪತ್ರೆ ಕೊಯ್ಲು ಕೆಲವು ವರ್ಷ ನಿಲ್ಲಬೇಕೇ?

ಪರ: ಮರಕ್ಕೆ ಉಸಿರಾಡಲು ಬಿಡಿ

ರಾಮಪತ್ರೆ ಜಾಯಿಕಾಯಿಯ ಬಳಗದ ಕಾಡುಮರ. ಅದರ ಬಿರಿದ ಕಾಯಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕಂದು ಬೀಜ, ಅದರ ಸುತ್ತ ಬಲೆ ನೇಯ್ದಂತೆ ಕೆಂಪು ಪತ್ರೆ. ಮಂಗಟ್ಟೆ ಹಕ್ಕಿ ಅದನ್ನು ಇಡಿಯಾಗಿ ನುಂಗುತ್ತದೆ. ಪತ್ರೆ ಅದರ ಹೊಟ್ಟೆಗೆ, ಬೀಜ ದೂರದ ಇನ್ನೊಂದು ಮರದ ಬುಡಕ್ಕೆ. ಬೀಜ ಹೊತ್ತ ಹಕ್ಕಿಗೆ ಮರ ಕೊಡುವ ಕೂಲಿ ಆ ಪತ್ರೆ. ಅದನ್ನೇ ನಾವು ಬಿಡಿಸಿ, ಒಣಗಿಸಿ, ಮೂಟೆ ಕಟ್ಟಿ ಮಸಾಲೆ ವ್ಯಾಪಾರಿಗೆ ಕೊಡುತ್ತೇವೆ. ಬೀಜವೋ, ಒಣಗಿದರೆ ಸತ್ತಂತೆ. ಬಿದ್ದ ಸ್ವಲ್ಪ ದಿನದಲ್ಲೇ ತಂಪು ನೆಲ ಹಿಡಿಯಬೇಕು.

ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿಗಾಗಿ ಕೊಂಬೆ ಕಡಿದರೆ ಪೆಟ್ಟು ಬೀಳುವುದು ಹೆಣ್ಣು ಮರಕ್ಕೇ. ಎತ್ತರದ ಮರ ಹತ್ತುವ ಕಷ್ಟಕ್ಕೆ ಹೆದರಿ ಕೊಂಬೆಯನ್ನೇ ಕೆಡವಿದ್ದನ್ನು ನಾನು ಕಂಡಿದ್ದೇನೆ. ಆ ಕೊಂಬೆಯ ಮುಂದಿನ ಫಸಲುಗಳೂ ಅಲ್ಲಿಗೆ ಮುಗಿದವು.

ಅಡುಗೆಗೆ ಹುಳಿ ಕೊಡುವ ಕಾಡುಹಣ್ಣು ಉಪ್ಪಾಗೆಯದು ಇನ್ನೊಂದು ಕಥೆ. 1990ರ ದಶಕದಲ್ಲಿ ಅದರ ಸಿಪ್ಪೆಯ ಹುಳಿಯಿಂದ ಬೊಜ್ಜು ಕರಗುತ್ತದೆಂದು ಹೊರದೇಶಗಳಲ್ಲಿ ಸುದ್ದಿಯಾಗಿ ದರ ಏರಿತು. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಸಿಮಾತ್ರೆ ನುಂಗಿದವರಿಗಿಂತ ಈ ಹುಳಿಯ ಮಾತ್ರೆ ನುಂಗಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಕಾಡಿನಲ್ಲಿ ಹಸಿ ಕಾಯಿ ಕೊಯ್ಯುವ ಪೈಪೋಟಿ ನಿಂತಿಲ್ಲ. ಮಳೆಗಾಲದ ಬೆಳೆ, ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ಬೆಂಕಿಯೇ ಬೇಕು. ಆ ಸೌದೆ ಬರುವುದೂ ಇದೇ ಕಾಡಿನಿಂದ.

ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನು ಎಂಬ ದಟ್ಟ ಕಾಡಿನಲ್ಲಿ, ರಾಮಪತ್ರೆಯ ಬಳಗದ ಮರಗಳು ಬೆಳೆಯುವ ಜೌಗಿನಲ್ಲಿದ್ದ ಇನ್ನೊಂದು ಮರವನ್ನು ಹೊಸ ಪ್ರಭೇದವೆಂದು ಗುರುತಿಸಿ, ಆ ಕಾನಿನ ಹೆಸರನ್ನೇ ಇಟ್ಟದ್ದು 2000ರಲ್ಲಿ. ನಮ್ಮ ಹಿತ್ತಿಲಿನಂಥ ಕಾಡಿನ ಮರವೇ ಅಷ್ಟು ತಡವಾಗಿ ತಿಳಿಯಿತೆಂದರೆ, ಎಷ್ಟು ಕೊಯ್ದರೆ ಸರಿ ಎಂದು ಇವತ್ತೇ ಹೇಳುವ ಧೈರ್ಯ ನನಗಿಲ್ಲ. ಹತ್ತು ವರ್ಷ ಬಿಟ್ಟು ನೋಡೋಣ.

ವಿರೋಧ: ಕೊಯ್ಯುವವರನ್ನು ಹೊರಗಟ್ಟಬೇಡಿ

ರಾಮಪತ್ರೆಯ ಮಟ್ಟಿಗೆ ಮೇಲಿನ ಮಾತನ್ನು ನಾನು ಬಹುಪಾಲು ಒಪ್ಪುತ್ತೇನೆ. ಜೌಗಿನ ಮರಗಳನ್ನು ಮುಟ್ಟದಿರುವುದೇ ಒಳ್ಳೆಯದು. ಆದರೆ ಉಪ್ಪಾಗೆಗೂ ಅದೇ ಬೀಗ ಹಾಕುವುದು ತಪ್ಪು.

ನಮ್ಮ ಅಡಿಕೆ ತೋಟದ ಮೇಲೆ, ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟದಲ್ಲಿ ಎರಡು ಉಪ್ಪಾಗೆ ಮರಗಳಿವೆ. ಅವುಗಳ ಕೊಂಬೆ ಕಡಿಯುವ ಯೋಚನೆ ಮನೆಯಲ್ಲಿ ಯಾರಿಗೂ ಬಂದಿಲ್ಲ. ಪುಟ್ಟ ಕುಂಬಳದಂತೆ ಗೆರೆಯಿರುವ ಹಣ್ಣು ಹಳದಿಯಾಗಿ ತಾನೇ ಉದುರುತ್ತದೆ. ಬೆಳಿಗ್ಗೆ ಬುಟ್ಟಿ ಹಿಡಿದು ಹೋದರಾಯಿತು. ಸಿಪ್ಪೆ ಒಲೆಯ ಮೇಲಿನ ಅಟ್ಟಕ್ಕೆ, ಬೀಜ ಅದರ ಜಿಡ್ಡು ತೆಗೆದು ಮಾಡುವ ಉಪ್ಪಾಗೆ ತುಪ್ಪಕ್ಕೆ. ಬೇಲಿಯಾಚೆ, ಸರ್ಕಾರಿ ಕಾಡಿನಲ್ಲಿ, ಅದೇ ಮರದ ಕಾಯನ್ನು ಹಸಿಯಾಗಿಯೇ ಕೀಳುತ್ತಾರೆ. ಏಕೆ? ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ. ಕಾಡಿನ ಕೊಯ್ಲಿನ ಟೆಂಡರ್ ಹಿಡಿದ ಗುತ್ತಿಗೆದಾರನಿಗೆ ಬೇಕಾದದ್ದು ಈ ವರ್ಷದ ಮೂಟೆ. ಮುಂದಿನ ಸಲ ಟೆಂಡರ್ ಯಾರಿಗೋ. ಮರ ಯಾರದೂ ಅಲ್ಲ ಎಂಬುದೇ ಅದರ ರೋಗ, ಮತ್ತು ನಿಷೇಧ ಬಂದರೆ ಆ ರೋಗ ಇನ್ನೂ ಹೆಚ್ಚುತ್ತದೆ. ಹಗಲು ಬರುವವನು ರಾತ್ರಿ ಬರುತ್ತಾನೆ, ಅಷ್ಟೇ.

ಜುಲೈನಲ್ಲಿ ಜಡಿಮಳೆ ಹಿಡಿದಾಗ ಕೂಲಿ ಸಿಗದ ದಿನಗಳೇ ಹೆಚ್ಚು. ಆಗ ಮನೆಯ ಹೆಂಗಸರ ಕೈಗೆ ನಾಲ್ಕು ಕಾಸು ತರುವುದು ಉಪ್ಪಾಗೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಮೊದಲು ಓಡುವವರೂ ಈ ಮನೆಗಳವರೇ. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಕಿರು ಅರಣ್ಯ ಉತ್ಪನ್ನದ, ಅಂದರೆ ಮರಮಟ್ಟಲ್ಲದ ಕಾಡಿನ ಬೆಳೆಯ, ಒಡೆತನವನ್ನು ಕಾಡನ್ನು ನಂಬಿ ಬದುಕುವವರಿಗೆ ಕೊಟ್ಟಿದೆ. ಹತ್ತು ವರ್ಷ ಅವರನ್ನು ದೂರವಿಟ್ಟು ಆಮೇಲೆ ಕರೆದರೆ ಬರುವವರು ಯಾರು?

ಟೆಂಡರ್ ನಿಲ್ಲಿಸಿ. ಯಾವ ಕಾನು ಯಾವ ಊರಿನದು ಎಂದು ಗುರುತಿಸಿ. ಕೊಯ್ಲು ಎಂದು ಶುರು ಎಂಬ ದಿನವನ್ನು ಊರೇ ನಿಗದಿ ಮಾಡಲಿ. ಉದುರಿದ್ದು ಮಾತ್ರ ನಮ್ಮದು, ಅದರಲ್ಲೂ ಒಂದು ಪಾಲು ಬುಡದಲ್ಲೇ ಉಳಿಯಲಿ. ಹಸಿ ಕಾಯಿ ತಂದವನ ಮೂಟೆಯನ್ನು ಸೊಸೈಟಿ ವಾಪಸ್ ಕಳಿಸಲಿ. ಸೌದೆ ಕಡಿಮೆ ಉರಿಯುವ ಒಲೆಗೆ ಸಹಾಯಧನ ಸಿಗಲಿ. ಇಷ್ಟನ್ನು ಮಾಡಿ ನೋಡದೆ ಬೀಗದ ಮಾತು ಬೇಡ.