ಪ್ರಾರ್ಥನೆಗೆ ಹಾಜರಿ ಇತ್ತು, ಓವರ್‌ಟೈಮಿಗೆ ಇರಲಿಲ್ಲ

ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ನನ್ನ ಹಳೇ ಆಫೀಸಿನ ಹುಡುಗಿ ಕಳಿಸಿದ್ದು. ಕೆಲಸದಿಂದ ತೆಗೆದ ಪತ್ರ, ಬರೀ ಮೂರು ಸಾಲು. ‘ನಿಮ್ಮ ಕೆಲಸ ತೃಪ್ತಿಕರವಾಗಿಲ್ಲದ ಕಾರಣ ಇಂದಿನಿಂದಲೇ...’ ಕೆಳಗೆ ಅವಳ ಮೆಸೇಜು: ‘ಅಕ್ಕಾ, ನಿಮಗೂ ಇದನ್ನೇ ಕೊಟ್ಟಿದ್ರಲ್ವಾ?’

ಹೌದು, ಇದನ್ನೇ ಕೊಟ್ಟಿದ್ದರು. ಒಂದಕ್ಷರ ಬದಲಾಗಿಲ್ಲ. ಓದುವಾಗ ಕೈ ನಡುಗಿತು.

ನನ್ನ ಕಥೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ಮತ್ತೆ ಪೂರ್ತಿ ಹೇಳಲ್ಲ. ಆ ಆಫೀಸಿನಲ್ಲಿ ದಿನಾ ಪ್ರಾರ್ಥನೆಗೆ ಬರಲೇಬೇಕಿತ್ತು. ನಾನು ಹೋಗೋದು ಬಿಟ್ಟೆ, ಓವರ್‌ಟೈಮ್ ದುಡ್ಡೂ ಕೇಳಿದೆ, ಕೆಲಸ ಹೋಯ್ತು. ಪ್ರಾರ್ಥನೆಗೆ ಹೋಗಲಿಲ್ಲ ಅಂತ ತೆಗೆದರಾ, ದುಡ್ಡು ಕೇಳಿದೆ ಅಂತ ತೆಗೆದರಾ ಎಂದು ಆಗ ತುಂಬಾ ಜನ ಕೇಳಿದ್ದಿರಿ. ನನಗೂ ಸರಿಯಾಗಿ ಉತ್ತರ ಹೇಳೋಕೆ ಬಂದಿರಲಿಲ್ಲ. ಈಗ ಹೇಳ್ತೀನಿ. ಅಲ್ಲಿ ಅವೆರಡೂ ಒಂದೇ.

ಲೆಕ್ಕ ನೋಡಿ. ಶಿಫ್ಟ್ ಶುರುವಾಗುವ ಅರ್ಧ ಗಂಟೆ ಮೊದಲು ಪ್ರಾರ್ಥನೆ. ವಾರಕ್ಕೆ 6 ದಿನ, ಅಂದರೆ 3 ಗಂಟೆ. ತಿಂಗಳಿಗೆ 12 ಗಂಟೆಗೂ ಜಾಸ್ತಿ. ಅದಕ್ಕೆ ಸಂಬಳ ಇಲ್ಲ, ಆದರೆ ಹಾಜರಿ ಪುಸ್ತಕ ಇತ್ತು. ಬಂದವರು ಸಹಿ ಹಾಕಬೇಕು, ಬರದವರ ಹೆಸರಿನ ಮುಂದೆ ಕೆಂಪು ಸುತ್ತು. ಸಂಜೆ ಎರಡೆರಡು ಗಂಟೆ ಹೆಚ್ಚಿಗೆ ದುಡಿಸಿಕೊಂಡದ್ದನ್ನು ಬರೆದಿಡೋಕೆ ಮಾತ್ರ ಯಾವ ಪುಸ್ತಕವೂ ಇರಲಿಲ್ಲ. ಕೇಳಿದರೆ ‘ಇದು ದೇವರ ಸೇವೆ ಅಮ್ಮಾ, ಸೇವೆಗೆ ಲೆಕ್ಕ ಇಡಬಾರದು’ ಅನ್ನುವವರು. ಆ ಮಾತಿಗೆ ಏನಂತ ಎದುರು ಹೇಳ್ತೀರಿ? ಸಂಬಳ ಕೇಳಿದವಳು ಒಂದೇ ಏಟಿಗೆ ದೇವರಿಗೆ ವಿರುದ್ಧ ಆಗಿಬಿಡ್ತಾಳೆ.

ಮಾಲೀಕರ ಜಾಗ, ಅವರ ನಂಬಿಕೆ, ಇಷ್ಟ ಇಲ್ಲದಿದ್ರೆ ಬೇರೆ ಕಡೆ ಹೋಗಬಹುದಿತ್ತಲ್ಲ ಅಂತ ಕೆಲವರು ಈಗಲೂ ಬರೀತಾರೆ. ಅವರು ಪ್ರಾರ್ಥನೆ ಮಾಡಲಿ, ದಿನಾ ಮಾಡಲಿ. ನಾನೂ ದೇವರನ್ನು ನಂಬುವವಳೇ. ನನ್ನ ಕೋಪ ಆ ಹಾಜರಿ ಪುಸ್ತಕದ ಮೇಲೆ. ನನ್ನ ಕೆಲಸ ಉಳಿಯುತ್ತೋ ಇಲ್ಲವೋ ಅಂತ ಅದನ್ನು ನೋಡಿ ತೀರ್ಮಾನ ಮಾಡೋದು ನಂಬಿಕೆ ಅಲ್ಲ, ಬೆದರಿಕೆ. ಮನೆ ನಡೆಸುವವರಿಗೆ ‘ಬೇರೆ ಕಡೆ ಹೋಗು’ ಅನ್ನೋದು ಎಷ್ಟು ಸುಲಭ ಅಲ್ವಾ?

ಕೆಲಸ ಹೋದ ಮೇಲೆ ಕೂತು ಓದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದ್ದು 1982ರ ಒಂದು ಒಪ್ಪಂದ ಇದೆ, 158ನೇ ನಂಬರಿನದು. ಯಾವ ಯಾವ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಅಂತ ಅದರ 5ನೇ ವಿಧಿ ಹೇಳುತ್ತೆ. ಕಾನೂನು ಮುರಿದಿದ್ದಾರೆ ಅಂತ ಮಾಲೀಕರ ಮೇಲೆ ದೂರು ಕೊಟ್ಟದ್ದು, ಧರ್ಮ, ಎರಡೂ ಅದೇ ವಿಧಿಯಲ್ಲಿವೆ, ಒಂದರ ಕೆಳಗೆ ಒಂದು. ಓದಿ ಅತ್ತುಬಿಟ್ಟೆ. 7ನೇ ವಿಧಿ ಇನ್ನೊಂದು ಹೇಳುತ್ತೆ: ಕೆಲಸ ಸರಿ ಇಲ್ಲ ಅಂತಲೋ ನಡತೆ ಸರಿ ಇಲ್ಲ ಅಂತಲೋ ಯಾರನ್ನಾದರೂ ತೆಗೆಯುವ ಮೊದಲು ಅವರ ಮಾತು ಕೇಳಬೇಕು. ಆ ಒಪ್ಪಂದ ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದು ಕಟ್ಟುಪಾಡು, ಗೊತ್ತು. ಆದರೂ ನನ್ನ ತಲೆ ಕೆಟ್ಟಿಲ್ಲ, ನಾನು ಕೇಳಿದ್ದು ನ್ಯಾಯವೇ ಅಂತ ಧೈರ್ಯ ಬಂತು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಐಡಿ ಕಾರ್ಡ್ ಬಿಚ್ಚಿಸಿಕೊಂಡು ಬಾಗಿಲ ತನಕ ಬಂದು ಕಳಿಸಿದ್ದರು.

ಒಂದು ಮಾತು ಇಲ್ಲೀವರೆಗೆ ಯಾರಿಗೂ ಹೇಳಿಲ್ಲ. ನನಗಿಂತ ಮೊದಲು ನಮ್ಮ ಸೆಕ್ಷನ್ನಿನ ಹಿರಿಯಣ್ಣ ಒಬ್ಬರನ್ನು ಹೀಗೇ ತೆಗೆದಿದ್ದರು. ಬಾಕಿ ಸಂಬಳ ಯಾವಾಗ ಅಂತ ಎಲ್ಲರ ಎದುರು ಕೇಳಿದ್ದರು ಅಷ್ಟೆ. ಮಾರನೇ ದಿನ ಪ್ರಾರ್ಥನೆಗೆ ಹೋದೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಸ್ಕೇಲಿಟ್ಟು ನೀಟಾಗಿ ಗೆರೆ ಎಳೆದಿದ್ದರು. ಅದರ ಕೆಳಗಿನ ಹೆಸರು ನನ್ನದು. ಸಹಿ ಹಾಕಿ, ಕಣ್ಣು ಮುಚ್ಚಿ ನಿಂತುಕೊಂಡೆ. ಒಂದು ಮಾತು ಆಡಲಿಲ್ಲ. ಆ ಗೆರೆ ಈಗಲೂ ಕಣ್ಣ ಮುಂದೆ ಬರುತ್ತೆ.

ಅದಕ್ಕೇ ಈ ಹುಡುಗಿಗೆ ಫೋನ್ ಮಾಡಿ, ದೂರು ಕೊಡು, ಸಾಕ್ಷಿ ಹೇಳೋಕೆ ನಾನು ಬರ್ತೀನಿ ಅಂದೆ. ನನ್ನ ಓವರ್‌ಟೈಮ್ ಬರೆದಿಟ್ಟ ಡೈರಿ ಹುಡುಕಿ ತೆಗೆದಿದ್ದೇನೆ, ತಾರೀಖು ಸಮೇತ ಎಲ್ಲ ಇದೆ. ಆಗ ನಮ್ಮ ಜೊತೆ ಆ ಸಾಲಿನಲ್ಲಿ ನಿಂತಿದ್ದವರು ನಾಲ್ಕೈದು ಜನ ಇಲ್ಲಿ ಇದ್ದೀರಿ. ಇದಕ್ಕೆ ಲೈಕ್ ಒತ್ತಬೇಡಿ. ನನಗೆ ಫೋನ್ ಮಾಡಿ.